ಜೋರಾ ನೀಲ್ ಹರ್ಸ್ಟನ್

ಜೋರಾ ನೀಲ್ ಹರ್ಸ್ಟನ್ (ಜನವರಿ 7, 1891 – ಜನವರಿ 28, 1960) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಕಾದಂಬರಿಗಾರ್ತಿ, ಜಾನಪದ ಸಂಗ್ರಾಹಕಿ ಹಾಗೂ ಮಾನವಶಾಸ್ತ್ರಜ್ಞೆ. ಆ ದೇಶದ ದಕ್ಷಿಣ ಭಾಗದ ಆಫ್ರಿಕನ್ ಅಮೆರಿಕನ್ ಜನರ ಕಥೆ, ಹಾಡು, ನಂಬಿಕೆ ಮತ್ತು ಆಡುಮಾತನ್ನು ಸಂಗ್ರಹಿಸಿ ಸಾಹಿತ್ಯಕ್ಕೆ ತಂದವರಲ್ಲಿ ಇವರು ಅಗ್ರಗಣ್ಯರು. ‘ದೇರ್ ಐಸ್ ವರ್ ವಾಚಿಂಗ್ ಗಾಡ್’ (1937) ಇವರ ಅತ್ಯಂತ ಪ್ರಸಿದ್ಧ ಕಾದಂಬರಿ. ಆಫ್ರಿಕನ್ ಅಮೆರಿಕನ್ ಮಹನೀಯರಿಗಾಗಿ ಒಂದು ರಾಷ್ಟ್ರೀಯ ರುದ್ರಭೂಮಿಯನ್ನು ಸ್ಥಾಪಿಸಬೇಕೆಂದು 1945ರಲ್ಲಿ ಇವರು ಸೂಚಿಸಿದ್ದರು. ಆ ಸೂಚನೆ ಕೈಗೂಡಲಿಲ್ಲ. 15 ವರ್ಷಗಳ ನಂತರ ಇವರ ದೇಹವನ್ನು ಫ್ಲಾರಿಡಾ ರಾಜ್ಯದ ಫೋರ್ಟ್ ಪಿಯರ್ಸ್ ಪಟ್ಟಣದಲ್ಲಿ, ಕಪ್ಪುಜನರಿಗೆಂದು ಪ್ರತ್ಯೇಕಿಸಿದ್ದ ಗಾರ್ಡನ್ ಆಫ್ ಹೆವನ್ಲಿ ರೆಸ್ಟ್ ಎಂಬ ರುದ್ರಭೂಮಿಯಲ್ಲಿ ಹೂಳಲಾಯಿತು. 1973ರವರೆಗೆ ಆ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಇರಲಿಲ್ಲ.

ಜನನ ಮತ್ತು ಬಾಲ್ಯ

ಹರ್ಸ್ಟನ್ ಅವರು ಅಲಬಾಮಾ ರಾಜ್ಯದ ನೊಟಾಸಲ್ಗಾ ಎಂಬಲ್ಲಿ ಜನಿಸಿದರು. ತಂದೆ ಜಾನ್ ಹರ್ಸ್ಟನ್ ಬಡಗಿ ಹಾಗೂ ಬ್ಯಾಪ್ಟಿಸ್ಟ್ ಧರ್ಮಬೋಧಕರು. ತಾಯಿ ಲೂಸಿ ಆನ್ ಪಾಟ್ಸ್. ದಂಪತಿಗಳ ಎಂಟು ಮಕ್ಕಳಲ್ಲಿ ಜೋರಾ ಐದನೆಯವರು. ಇವರು ಇನ್ನೂ ಶಿಶುವಾಗಿದ್ದಾಗಲೇ ಕುಟುಂಬವು ಫ್ಲಾರಿಡಾದ ಈಟನ್‌ವಿಲ್ ಎಂಬ ಊರಿಗೆ ಬಂದು ನೆಲೆಸಿತು. 1887ರಲ್ಲಿ ಸ್ಥಾಪಿತವಾದ ಈಟನ್‌ವಿಲ್ ಸಂಪೂರ್ಣವಾಗಿ ಕಪ್ಪುಜನರದೇ ಆಡಳಿತವಿದ್ದ ಪಟ್ಟಣ. ಅದರ ಮೇಯರ್, ಪರಿಷತ್ತಿನ ಸದಸ್ಯರು, ಅಂಗಡಿಯ ಮಾಲೀಕರು, ಶಿಕ್ಷಕರು ಎಲ್ಲರೂ ಕಪ್ಪುಜನಾಂಗದವರೇ ಆಗಿದ್ದರು. ತಂದೆ ಜಾನ್ ಹರ್ಸ್ಟನ್ ಕೂಡ ಒಮ್ಮೆ ಆ ಊರಿನ ಮೇಯರ್ ಆಗಿದ್ದರು. ವರ್ಣಭೇದವು ಕಾನೂನೇ ಆಗಿದ್ದ ನಾಡಿನಲ್ಲಿ ತಲೆಯೆತ್ತಿ ಬಾಳುತ್ತಿದ್ದ ಸಮುದಾಯದ ನಡುವೆ ಬೆಳೆದದ್ದು ಹರ್ಸ್ಟನ್ ಅವರ ವ್ಯಕ್ತಿತ್ವವನ್ನೂ ಬರವಣಿಗೆಯನ್ನೂ ರೂಪಿಸಿತು. ಊರಿನ ಅಂಗಡಿಯ ಜಗುಲಿಯ ಮೇಲೆ ಕುಳಿತು ಹಿರಿಯರು ಹೇಳುತ್ತಿದ್ದ ಕಥೆಗಳೇ ಮುಂದೆ ಇವರ ಕೃತಿಗಳಿಗೆ ಮೂಲದ್ರವ್ಯವಾದವು.

1904ರಲ್ಲಿ ತಾಯಿ ತೀರಿಕೊಂಡರು. ಮರಣಶಯ್ಯೆಯಲ್ಲಿದ್ದ ವ್ಯಕ್ತಿಯ ತಲೆಯಡಿಯಿಂದ ದಿಂಬನ್ನು ತೆಗೆಯುವುದು, ಕೋಣೆಯ ಗಡಿಯಾರಕ್ಕೂ ಕನ್ನಡಿಗೂ ಬಟ್ಟೆ ಮುಚ್ಚುವುದು ಆ ಸಮುದಾಯದ ಸಂಪ್ರದಾಯವಾಗಿತ್ತು. ತಮ್ಮ ವಿಷಯದಲ್ಲಿ ಹಾಗೆ ಮಾಡಲು ಬಿಡಬಾರದೆಂದು ತಾಯಿ ಮಗಳಿಗೆ ಹೇಳಿದ್ದರು. ಅಂತಿಮ ಗಳಿಗೆಯಲ್ಲಿ ನೆರೆದ ಹಿರಿಯರು ಬಾಲಕಿಯ ಮಾತಿಗೆ ಬೆಲೆ ಕೊಡಲಿಲ್ಲ. ತಡೆಯಲು ಹೋದವಳನ್ನು ತಂದೆಯೇ ಹಿಡಿದು ನಿಲ್ಲಿಸಿದರು. ಸತ್ತವರಿಗೆ ಕೊಟ್ಟ ಮಾತನ್ನು ನಡೆಸಲಾಗಲಿಲ್ಲವೆಂಬ ನೋವನ್ನು ಹರ್ಸ್ಟನ್ ತಮ್ಮ ಆತ್ಮಕಥೆಯಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ತಂದೆ ಬೇಗನೆ ಮರುಮದುವೆಯಾದರು. ಮಲತಾಯಿಯೊಂದಿಗೆ ಹೊಂದಾಣಿಕೆಯಾಗದ ಜೋರಾ ಕೆಲಕಾಲ ಜ್ಯಾಕ್ಸನ್‌ವಿಲ್‌ನ ಶಾಲೆಯಲ್ಲಿದ್ದರು. ಅನಂತರ ಬಂಧುಗಳ ಮನೆಗಳಲ್ಲಿ ಆಶ್ರಯ ಪಡೆದು, ಮನೆಗೆಲಸ ಮಾಡಿ ಜೀವನ ಸಾಗಿಸಿದರು. ಹೀಗೆ ಅವರ ವಿದ್ಯಾಭ್ಯಾಸ ಹಲವು ವರ್ಷಗಳ ಕಾಲ ನಿಂತುಹೋಯಿತು.

ವಿದ್ಯಾಭ್ಯಾಸ

1917ರಲ್ಲಿ ಬಾಲ್ಟಿಮೋರ್ ನಗರದಲ್ಲಿದ್ದಾಗ ಉಚಿತ ಪ್ರೌಢಶಿಕ್ಷಣ ಪಡೆಯುವ ಸಲುವಾಗಿ ಇವರು ತಮ್ಮ ವಯಸ್ಸಿನಲ್ಲಿ ಹತ್ತು ವರ್ಷ ಕಡಿಮೆ ಮಾಡಿಕೊಂಡು, 1901ರಲ್ಲಿ ಹುಟ್ಟಿದವರೆಂದು ಹೇಳಿಕೊಂಡರು. ಆಗ ಅವರಿಗೆ 26 ವರ್ಷ. ಅಲ್ಲಿಂದ ಮುಂದೆ ಜೀವನದುದ್ದಕ್ಕೂ ತಮ್ಮ ನಿಜವಾದ ಜನ್ಮವರ್ಷವನ್ನು ಅವರು ಬಹಿರಂಗಪಡಿಸಲಿಲ್ಲ. ಮಾರ್ಗನ್ ಅಕಾಡೆಮಿಯಲ್ಲಿ ಪ್ರೌಢಶಿಕ್ಷಣ ಮುಗಿಸಿ, ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ದಿ ಹಿಲ್‌ಟಾಪ್’ನ ಸ್ಥಾಪಕರಲ್ಲಿ ಇವರೂ ಒಬ್ಬರು.

1925ರಲ್ಲಿ ನ್ಯೂಯಾರ್ಕಿಗೆ ಬಂದ ಹರ್ಸ್ಟನ್ ಅವರಿಗೆ ‘ಆಪರ್ಚುನಿಟಿ’ ಪತ್ರಿಕೆಯ ಸಾಹಿತ್ಯ ಸ್ಪರ್ಧೆಯಲ್ಲಿ ಬಹುಮಾನಗಳು ದೊರೆತವು. ಅದರ ಫಲವಾಗಿ ಬರ್ನಾರ್ಡ್ ಕಾಲೇಜಿನಲ್ಲಿ ಶಿಷ್ಯವೇತನ ದೊರಕಿತು. ಆ ಕಾಲೇಜಿನಲ್ಲಿ ಆಗ ಇದ್ದ ಏಕೈಕ ಕಪ್ಪು ವಿದ್ಯಾರ್ಥಿನಿ ಇವರೇ. ಆಧುನಿಕ ಅಮೆರಿಕನ್ ಮಾನವಶಾಸ್ತ್ರದ ಪಿತಾಮಹರೆನಿಸಿದ ಫ್ರಾನ್ಜ್ ಬೋವಾಸ್ ಅವರ ಮಾರ್ಗದರ್ಶನದಲ್ಲಿ ಅಧ್ಯಯನ ಮಾಡಿ 1928ರಲ್ಲಿ ಪದವಿ ಪಡೆದರು. ತಾವು ಬಾಲ್ಯದಲ್ಲಿ ಕೇಳಿದ ಕಥೆಗಳು ಶಾಸ್ತ್ರೀಯ ಅಧ್ಯಯನಕ್ಕೆ ಯೋಗ್ಯವಾದ ಸಂಪತ್ತು ಎಂಬ ಅರಿವು ಇವರಿಗೆ ದೃಢವಾದದ್ದು ಇಲ್ಲಿಯೇ.

ಹಾರ್ಲೆಮ್ ಮತ್ತು ಜಾನಪದ ಸಂಗ್ರಹ

1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯು ಆಫ್ರಿಕನ್ ಅಮೆರಿಕನ್ ಸಾಹಿತ್ಯ, ಸಂಗೀತ ಮತ್ತು ಕಲೆಗಳ ಕೇಂದ್ರವಾಗಿ ಬೆಳೆಯಿತು. ಇದನ್ನು ಹಾರ್ಲೆಮ್ ಪುನರುಜ್ಜೀವನ ಎಂದು ಕರೆಯುತ್ತಾರೆ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ವಾಲೆಸ್ ಥರ್ಮನ್ ಮೊದಲಾದವರೊಂದಿಗೆ ಸೇರಿ ಹರ್ಸ್ಟನ್ 1926ರಲ್ಲಿ ‘ಫೈರ್!!’ ಎಂಬ ಪತ್ರಿಕೆಯನ್ನು ಹೊರತಂದರು. ಅದು ಒಂದೇ ಸಂಚಿಕೆಗೆ ನಿಂತುಹೋಯಿತು.

1927ರಿಂದ ಇವರು ದಕ್ಷಿಣದ ರಾಜ್ಯಗಳಲ್ಲಿ ಕ್ಷೇತ್ರಕಾರ್ಯ ಕೈಗೊಂಡರು. ಆ ವರ್ಷದ ಕೊನೆಯಲ್ಲಿ ಶಾರ್ಲೆಟ್ ಆಸ್ಗುಡ್ ಮೇಸನ್ ಎಂಬ ಶ್ರೀಮಂತ ಮಹಿಳೆಯೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಇವರಿಗೆ ತಿಂಗಳಿಗೆ 200 ಡಾಲರ್ ಧನಸಹಾಯ ದೊರೆಯುತ್ತಿತ್ತು. ಆದರೆ ಸಂಗ್ರಹಿಸಿದ ಸಾಮಗ್ರಿಯ ಮೇಲಿನ ಹಕ್ಕು ಮೇಸನ್ ಅವರದಾಗಿತ್ತು. ಮರ ಕಡಿಯುವವರ ಮತ್ತು ಟರ್ಪೆಂಟೈನ್ ತೆಗೆಯುವ ಕೂಲಿಗಳ ಶಿಬಿರಗಳಲ್ಲಿ ಹರ್ಸ್ಟನ್ ಅವರೊಡನೆಯೇ ಇದ್ದು ಕಥೆ, ಹಾಡು, ಗಾದೆಗಳನ್ನು ಬರೆದುಕೊಂಡರು.

ಈ ಅವಧಿಯಲ್ಲಿ ಇವರು ಅಲಬಾಮಾದ ಮೊಬೈಲ್ ನಗರದ ಬಳಿಯ ಪ್ಲಾಟೋ ಎಂಬಲ್ಲಿದ್ದ ವೃದ್ಧ ಕುಜೊ ಲೂಯಿಸ್ ಅವರನ್ನು ಸಂದರ್ಶಿಸಿದರು. ಅವರ ಮೂಲ ಹೆಸರು ಕೊಸೊಲಾ. ಆಫ್ರಿಕಾದಿಂದ ಗುಲಾಮರನ್ನು ತರುವುದು 1808ರಲ್ಲಿಯೇ ನಿಷಿದ್ಧವಾಗಿದ್ದರೂ, 1860ರಲ್ಲಿ ‘ಕ್ಲೊಟಿಲ್ಡಾ’ ಎಂಬ ಹಡಗು ಸುಮಾರು 110 ಮಂದಿಯನ್ನು ಕದ್ದು ಸಾಗಿಸಿತ್ತು. ಕೊಸೊಲಾ ಅವರಲ್ಲೊಬ್ಬರು. ಅಂತರ್ಯುದ್ಧದ ನಂತರ ಬಿಡುಗಡೆ ಹೊಂದಿದ ಆ ಜನರು ತಾಯ್ನಾಡಿಗೆ ಮರಳಲಾಗದೆ, ಅಲ್ಲಿಯೇ ಭೂಮಿ ಕೊಂಡು ಆಫ್ರಿಕಾಟೌನ್ ಎಂಬ ಊರನ್ನು ಕಟ್ಟಿ, ತಮ್ಮದೇ ಚರ್ಚನ್ನೂ ರುದ್ರಭೂಮಿಯನ್ನೂ ಮಾಡಿಕೊಂಡಿದ್ದರು. ಹರ್ಸ್ಟನ್ ಭೇಟಿಯಾಗುವ ವೇಳೆಗೆ ಕೊಸೊಲಾ ತಮ್ಮ ಪತ್ನಿಯನ್ನೂ ಆರು ಮಂದಿ ಮಕ್ಕಳನ್ನೂ ಅಲ್ಲಿ ಮಣ್ಣು ಮಾಡಿದ್ದರು. ಈ ಭೇಟಿಯ ಕುರಿತು ಹರ್ಸ್ಟನ್ 1927ರಲ್ಲಿ ಪ್ರಕಟಿಸಿದ ಮೊದಲ ಲೇಖನದ ಬಹುಭಾಗವು ಬೇರೊಬ್ಬ ಲೇಖಕಿಯ ಪುಸ್ತಕದಿಂದ ಎತ್ತಿಕೊಂಡದ್ದೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. ಅದಾದ ಮೇಲೆ ಮರಳಿ ಹೋಗಿ, ಕೊಸೊಲಾ ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಂಡು ‘ಬರ್ರಕೂನ್’ ಎಂಬ ಪುಸ್ತಕವನ್ನು ರಚಿಸಿದರು. ಆಡುಭಾಷೆಯನ್ನು ಬಿಟ್ಟು ಶಿಷ್ಟ ಭಾಷೆಯಲ್ಲಿ ಬರೆಯಬೇಕೆಂಬ ಪ್ರಕಾಶಕರ ಷರತ್ತನ್ನು ಇವರು ಒಪ್ಪಲಿಲ್ಲ. ಆ ಪುಸ್ತಕ 2018ರಲ್ಲಿ ಪ್ರಕಟವಾಯಿತು. 1935ರಲ್ಲಿ ತೀರಿಕೊಂಡ ಕೊಸೊಲಾ ಅವರ ಸಮಾಧಿ ಪ್ಲಾಟೋದ ಹಳೆಯ ರುದ್ರಭೂಮಿಯಲ್ಲಿದೆ.

ಸಾಹಿತ್ಯ ಕೃಷಿ

ಹರ್ಸ್ಟನ್ ಅವರ ಮೊದಲ ಕಾದಂಬರಿ ‘ಜೋನಾಸ್ ಗೋರ್ಡ್ ವೈನ್’ 1934ರಲ್ಲಿ ಪ್ರಕಟವಾಯಿತು. ಮರುವರ್ಷ ಬಂದ ‘ಮ್ಯೂಲ್ಸ್ ಅಂಡ್ ಮೆನ್’ ಜಾನಪದ ಸಂಗ್ರಹವು ಕಪ್ಪುಜನರ ಜಾನಪದವನ್ನು ಅದೇ ಸಮುದಾಯದ ವಿದುಷಿಯೊಬ್ಬರು ಸಂಗ್ರಹಿಸಿ ಪ್ರಕಟಿಸಿದ ಮಹತ್ವದ ಕೃತಿ. 1936ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಜಮೈಕಾ ಮತ್ತು ಹೈಟಿ ದೇಶಗಳಲ್ಲಿ ಅಧ್ಯಯನ ನಡೆಸಿದರು. ಹೈಟಿಯಲ್ಲಿದ್ದಾಗ ಏಳು ವಾರಗಳಲ್ಲಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯನ್ನು ಬರೆದು ಮುಗಿಸಿದರು. ಜೇನಿ ಎಂಬ ಮಹಿಳೆ ಮೂರು ವಿವಾಹಗಳ ಮೂಲಕ ತನ್ನ ಬದುಕಿನ ಮೇಲೆ ತನಗೇ ಹಕ್ಕು ಪಡೆದುಕೊಳ್ಳುವ ಕಥೆ ಇದರದು.

ಈ ಕಾದಂಬರಿಯ ಕೊನೆಯ ಭಾಗದಲ್ಲಿ ಬರುವ ಚಂಡಮಾರುತವು 1928ರ ಸೆಪ್ಟೆಂಬರ್ 16ರಂದು ಫ್ಲಾರಿಡಾದ ಓಕಿಚೋಬಿ ಸರೋವರದ ಪ್ರದೇಶವನ್ನು ಅಪ್ಪಳಿಸಿದ ಬಿರುಗಾಳಿಯನ್ನು ಆಧರಿಸಿದೆ. ಸರೋವರದ ಮಣ್ಣಿನ ಒಡ್ಡು ಒಡೆದು ಕನಿಷ್ಠ 2,500 ಜನರು ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಕೂಲಿಕಾರರು. ಹೆಣಗಳನ್ನು ಹೂಳುವಾಗಲೂ ವರ್ಣಭೇದ ಪಾಲಿಸಲಾಯಿತು. ವೆಸ್ಟ್ ಪಾಮ್ ಬೀಚ್ ನಗರದಲ್ಲಿ ಬಿಳಿಯರ 69 ಶವಗಳನ್ನು ವುಡ್‌ಲಾನ್ ರುದ್ರಭೂಮಿಯಲ್ಲಿ ಹೂಳಿದರೆ, ಸುಮಾರು 674 ಕಪ್ಪುಜನರ ಶವಗಳನ್ನು ನಿರ್ಗತಿಕರ ಸ್ಮಶಾನದ ಒಂದೇ ಗುಂಡಿಗೆ ಹಾಕಿ ಮುಚ್ಚಲಾಯಿತು. ಲಭ್ಯವಿದ್ದ ಶವಪೆಟ್ಟಿಗೆಗಳು ಬಿಳಿಯರಿಗೆ ಮೀಸಲಾಗಿದ್ದವು. ಜೇನಿಯ ಗಂಡ ಟೀ ಕೇಕ್‌ನನ್ನು ಬಂದೂಕು ತೋರಿಸಿ ಶವ ಹೂಳುವ ಕೆಲಸಕ್ಕೆ ಹಚ್ಚುವ ಪ್ರಸಂಗದಲ್ಲಿ ಹರ್ಸ್ಟನ್ ಈ ಸಂಗತಿಯನ್ನು ಚಿತ್ರಿಸಿದ್ದಾರೆ. ಕೊಳೆತ ಹೆಣಗಳ ಬಣ್ಣವನ್ನು ಗುರುತಿಸಲಾಗದಿದ್ದರೂ ಅವುಗಳನ್ನು ಬೇರ್ಪಡಿಸಲೇಬೇಕೆಂಬ ಆಜ್ಞೆಯ ಅಸಂಗತತೆ ಅಲ್ಲಿ ಎದ್ದು ಕಾಣುತ್ತದೆ. ಆ ಸಾಮೂಹಿಕ ಸಮಾಧಿಯು ಅನೇಕ ದಶಕಗಳ ಕಾಲ ಯಾವ ಗುರುತೂ ಇಲ್ಲದೆ ಉಳಿದಿದ್ದು, 2002ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಸಮಕಾಲೀನ ಕಪ್ಪು ಲೇಖಕರಲ್ಲಿ ಕೆಲವರು ಈ ಕಾದಂಬರಿಯನ್ನು ಮೆಚ್ಚಲಿಲ್ಲ. ಆಡುಮಾತಿನ ಬಳಕೆಯು ಬಿಳಿಯ ಓದುಗರ ವಿನೋದಕ್ಕೆ ಒದಗುತ್ತದೆ, ಕೃತಿಯಲ್ಲಿ ಸಾಮಾಜಿಕ ಪ್ರತಿಭಟನೆಯಿಲ್ಲ ಎಂಬುದು ರಿಚರ್ಡ್ ರೈಟ್ ಅವರ ಟೀಕೆಯ ಸಾರ. 1942ರಲ್ಲಿ ಪ್ರಕಟವಾದ ಹರ್ಸ್ಟನ್ ಅವರ ಆತ್ಮಕಥೆ ‘ಡಸ್ಟ್ ಟ್ರ್ಯಾಕ್ಸ್ ಆನ್ ಎ ರೋಡ್’ ಪ್ರಶಸ್ತಿ ಪಡೆಯಿತಾದರೂ, ಇವರ ಪುಸ್ತಕಗಳಿಂದ ಬಂದ ಆದಾಯ ಎಂದಿಗೂ ನೆಮ್ಮದಿಯ ಬದುಕಿಗೆ ಸಾಲುವಷ್ಟಿರಲಿಲ್ಲ.

ರಾಷ್ಟ್ರೀಯ ರುದ್ರಭೂಮಿಯ ಯೋಜನೆ

1945ರ ಜೂನ್ ತಿಂಗಳಲ್ಲಿ ಹರ್ಸ್ಟನ್ ಅವರು ಹಿರಿಯ ಚಿಂತಕ ಡಬ್ಲ್ಯೂ. ಇ. ಬಿ. ಡು ಬೊಯಿಸ್ ಅವರಿಗೆ ಪತ್ರವೊಂದನ್ನು ಬರೆದರು. ಪ್ಯಾರಿಸ್ ನಗರದ ಪೆರ್ ಲಾಶೇಸ್ ರುದ್ರಭೂಮಿಯ ಮಾದರಿಯಲ್ಲಿ ಕಪ್ಪುಜನಾಂಗದ ಮಹನೀಯರಿಗೊಂದು ಸಮಾಧಿ ಕ್ಷೇತ್ರವನ್ನು ನಿರ್ಮಿಸಬೇಕೆಂಬುದು ಅದರ ವಿಷಯ. 1804ರಲ್ಲಿ ತೆರೆದ ಪೆರ್ ಲಾಶೇಸ್‌ಗೆ ನಾಟಕಕಾರ ಮೊಲಿಯೇರ್ ಅವರಂಥವರ ಅಸ್ಥಿಗಳನ್ನು ಬೇರೆಡೆಯಿಂದ ತಂದಿರಿಸಲಾಗಿತ್ತು. ಕ್ರಮೇಣ ಅದು ಫ್ರೆಂಚ್ ಜನತೆಗೆ ಯಾತ್ರಾಸ್ಥಳದಂತಾಗಿತ್ತು.

ಇದಕ್ಕಾಗಿ ಫ್ಲಾರಿಡಾದಲ್ಲಿ ಸುಮಾರು 100 ಎಕರೆ ಭೂಮಿಯನ್ನು ಪಡೆಯಬೇಕೆಂದು ಹರ್ಸ್ಟನ್ ಸೂಚಿಸಿದರು. ಗಿಡಮರಗಳಿಂದ ಅಲಂಕರಿಸಲು ಆ ರಾಜ್ಯದ ನೆಲ ಹೆಚ್ಚು ಅನುಕೂಲವೆಂಬುದು ಅವರ ವಾದ. ಈಗಾಗಲೇ ಗತಿಸಿದವರ ಅಸ್ಥಿಗಳನ್ನು ಸಾಧ್ಯವಾದಷ್ಟು ಮಟ್ಟಿಗೆ ಅಲ್ಲಿಗೆ ತರಬೇಕು. ಕಪ್ಪು ಶಿಲ್ಪಿಗಳೂ ಚಿತ್ರಕಾರರೂ ತಮ್ಮ ಸಾಹಿತ್ಯ ಮತ್ತು ಜೀವನದ ದೃಶ್ಯಗಳಿಂದ ಅಲಂಕರಿಸಿದ ಸಭಾಭವನ ಅಲ್ಲಿರಬೇಕು ಎಂಬುದು ಅವರ ಕಲ್ಪನೆ. ಸಾಧಕರು ಸಾಯುವಾಗ ಎಷ್ಟೇ ಬಡವರಾಗಿರಲಿ, ಅವರ ಸಮಾಧಿ ಎಲ್ಲಿದೆಯೆಂಬುದು ಜನರಿಗೆ ತಿಳಿದಿರುವಂತೆ ನೋಡಿಕೊಳ್ಳುವುದು ಸಮುದಾಯದ ಹೊಣೆಯೆಂದು ಅವರು ಪ್ರತಿಪಾದಿಸಿದರು. ಕಣ್ಣಿಗೆ ಕಾಣುವ ಇಂಥದೊಂದು ಸ್ಥಳವಿಲ್ಲದಿರುವುದರಿಂದಲೇ ಜನರು ತಮ್ಮವರನ್ನು ಮರೆಯುತ್ತಾರೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ಕಳವಳಕ್ಕೆ ಬಲವಾದ ಕಾರಣಗಳಿದ್ದವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರನ್ನು ಬಿಳಿಯರ ರುದ್ರಭೂಮಿಗಳಿಂದ ದೂರವಿಡಲಾಗಿತ್ತು. ಅವರಿಗೆ ದೊರೆಯುತ್ತಿದ್ದುದು ಸಾಮಾನ್ಯವಾಗಿ ಊರಾಚೆಯ ತಗ್ಗು ನೆಲ ಅಥವಾ ಚರ್ಚಿನ ಹಿಂದಿನ ತುಂಡು ಭೂಮಿ. ಕಲ್ಲು ಕೆತ್ತಿಸಲು ಹಣವಿಲ್ಲದವರು ಮರದ ಹಲಗೆ ನೆಡುತ್ತಿದ್ದರು. ಕಪ್ಪೆಚಿಪ್ಪು, ಒಡೆದ ಪಿಂಗಾಣಿ ಪಾತ್ರೆ, ಗಾಜಿನ ಸೀಸೆ ಮುಂತಾಗಿ ಸತ್ತವರು ಬಳಸಿದ ವಸ್ತುಗಳನ್ನು ಸಮಾಧಿಯ ಮೇಲಿಡುವ ರೂಢಿಯೂ ಇತ್ತು. ಹಲಗೆಗಳು ಗೆದ್ದಲು ಹಿಡಿದು ನಾಶವಾದವು. ಲಕ್ಷಾಂತರ ಕುಟುಂಬಗಳು ಉದ್ಯೋಗ ಅರಸಿ ಉತ್ತರದ ನಗರಗಳಿಗೆ ವಲಸೆ ಹೋದ ಮೇಲೆ ಸಮಾಧಿಗಳನ್ನು ನೋಡಿಕೊಳ್ಳುವವರೇ ಇಲ್ಲವಾದರು. ಅನೇಕ ಕಡೆ ಅಂಥ ನೆಲದ ಮೇಲೆ ರಸ್ತೆಗಳೂ ಕಟ್ಟಡಗಳೂ ಎದ್ದವು.

ಡು ಬೊಯಿಸ್ ಅವರು ಈ ಯೋಜನೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹರ್ಸ್ಟನ್ ಅವರಿಗೆ ಸ್ವಂತ ಬಲದಿಂದ ಅದನ್ನು ನಡೆಸುವಷ್ಟು ಹಣವಾಗಲಿ ಸಂಘಟನೆಯಾಗಲಿ ಇರಲಿಲ್ಲ.

ಕೊನೆಯ ವರ್ಷಗಳು

1948ರಲ್ಲಿ ಹರ್ಸ್ಟನ್ ಅವರ ಮೇಲೆ ಬಾಲಕನೊಬ್ಬನನ್ನು ಲೈಂಗಿಕವಾಗಿ ಪೀಡಿಸಿದ ಸುಳ್ಳು ಆರೋಪ ಬಂದಿತು. ಆ ಸಮಯದಲ್ಲಿ ಇವರು ಹೊಂಡುರಾಸ್ ದೇಶದಲ್ಲಿದ್ದುದು ಪಾಸ್‌ಪೋರ್ಟಿನಿಂದ ಸಿದ್ಧವಾಗಿ ಮರುವರ್ಷ ಮೊಕದ್ದಮೆ ವಜಾ ಆಯಿತು. ಆದರೆ ಕಪ್ಪುಜನರ ಪತ್ರಿಕೆಯೊಂದೇ ಸುದ್ದಿಯನ್ನು ರೋಚಕವಾಗಿ ಪ್ರಕಟಿಸಿದ್ದರಿಂದ ಇವರು ತೀವ್ರವಾಗಿ ನೊಂದರು. ಅನಂತರ ಫ್ಲಾರಿಡಾಕ್ಕೆ ಮರಳಿದರು. 1950ರಲ್ಲಿ ಮಯಾಮಿಯ ಶ್ರೀಮಂತರೊಬ್ಬರ ಮನೆಯಲ್ಲಿ ಇವರು ಮನೆಗೆಲಸಕ್ಕಿದ್ದರು. ಅದೇ ವೇಳೆಗೆ ಪ್ರಮುಖ ವಾರಪತ್ರಿಕೆಯೊಂದರಲ್ಲಿ ಇವರ ಕಥೆ ಪ್ರಕಟವಾಗಿತ್ತು. ಮನೆಯೊಡತಿಗೆ ತನ್ನ ಕೆಲಸದಾಕೆ ಲೇಖಕಿಯೆಂದು ತಿಳಿದದ್ದು ಆಗಲೇ.

ಶಾಲೆಗಳಲ್ಲಿನ ವರ್ಣಭೇದವನ್ನು ಅಸಿಂಧುಗೊಳಿಸಿದ ಸರ್ವೋಚ್ಚ ನ್ಯಾಯಾಲಯದ 1954ರ ತೀರ್ಪನ್ನು ಹರ್ಸ್ಟನ್ ಮರುವರ್ಷ ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಟೀಕಿಸಿದರು. ಬಿಳಿಯರ ಪಕ್ಕದಲ್ಲಿ ಕುಳಿತರೆ ಮಾತ್ರ ಕಪ್ಪು ಮಕ್ಕಳು ಕಲಿಯಬಲ್ಲರೆಂಬ ಭಾವನೆಯೇ ಅವಮಾನಕರ ಎಂಬುದು ಅವರ ನಿಲುವಾಗಿತ್ತು. ಈಟನ್‌ವಿಲ್‌ನಲ್ಲಿ ಬೆಳೆದ ಹಿನ್ನೆಲೆ ಇದರಲ್ಲಿ ಕಾಣುತ್ತದೆ. ಆದರೆ ಇದರಿಂದ ನಾಗರಿಕ ಹಕ್ಕುಗಳ ಹೋರಾಟಗಾರರಿಂದ ಅವರು ಮತ್ತಷ್ಟು ದೂರವಾದರು. ರಾಜ ಹೆರೋದನನ್ನು ಕುರಿತು ಬರೆಯುತ್ತಿದ್ದ ಗ್ರಂಥವನ್ನು ಪ್ರಕಾಶಕರು ನಿರಾಕರಿಸಿದರು.

ಫೋರ್ಟ್ ಪಿಯರ್ಸ್‌ನಲ್ಲಿ ನೆಲೆಸಿದ ಹರ್ಸ್ಟನ್ ಅವರು ಸ್ಥಳೀಯ ಪತ್ರಿಕೆಗೆ ಲೇಖನ ಬರೆಯುತ್ತ, ಲಿಂಕನ್ ಪಾರ್ಕ್ ಅಕಾಡೆಮಿಯಲ್ಲಿ ಕೆಲಕಾಲ ತಾತ್ಕಾಲಿಕ ಶಿಕ್ಷಕಿಯಾಗಿದ್ದರು. 1959ರಲ್ಲಿ ಪಾರ್ಶ್ವವಾಯು ತಗುಲಿ, ಸೇಂಟ್ ಲೂಸಿ ಕೌಂಟಿಯ ಅನಾಥಾಶ್ರಮವನ್ನು ಸೇರಬೇಕಾಯಿತು.

ನಿಧನ ಮತ್ತು ಸಮಾಧಿ

1960ರ ಜನವರಿ 28ರಂದು ಹೃದ್ರೋಗದಿಂದ ಹರ್ಸ್ಟನ್ ನಿಧನರಾದರು. ಆ ವೇಳೆಗೆ ಇವರ ಎಲ್ಲ ಪುಸ್ತಕಗಳ ಮುದ್ರಣ ನಿಂತುಹೋಗಿತ್ತು. ಸ್ನೇಹಿತರು, ನೆರೆಹೊರೆಯವರು, ಶಾಲೆಯವರು ಹಾಗೂ ಹಿಂದಿನ ಪ್ರಕಾಶಕರು ವಂತಿಗೆ ಕೊಟ್ಟು ಗೌರವಯುತವಾಗಿ ಅಂತ್ಯಸಂಸ್ಕಾರ ನಡೆಸಿದರು. ಆದರೆ ಕೂಡಿದ ಹಣದಲ್ಲಿ ಸಮಾಧಿಗೆ ಕಲ್ಲು ಹಾಕಿಸಲಾಗಲಿಲ್ಲ.

ಇವರ ಮರಣಾನಂತರ ಅನಾಥಾಶ್ರಮದವರು ಇವರ ವಸ್ತುಗಳನ್ನೆಲ್ಲ ಸುಡಲು ಬೆಂಕಿ ಹಾಕಿದ್ದರು. ಆ ದಾರಿಯಾಗಿ ಬಂದ ಪ್ಯಾಟ್ರಿಕ್ ಡುವಾಲ್ ಎಂಬ ಪೊಲೀಸ್ ಅಧಿಕಾರಿ ಹರ್ಸ್ಟನ್ ಅವರ ಪರಿಚಿತರಾಗಿದ್ದರು. ಅವರು ಬೆಂಕಿಗೆ ನೀರು ಸುರಿದು ಹಸ್ತಪ್ರತಿಗಳನ್ನು ಉಳಿಸಿದರು. ಅಂಚು ಸುಟ್ಟ ಆ ಕಾಗದಗಳು ಈಗ ಫ್ಲಾರಿಡಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಸಮಾಧಿಯ ಶೋಧ

1973ರ ಆಗಸ್ಟ್ ತಿಂಗಳಲ್ಲಿ ಯುವ ಲೇಖಕಿ ಆಲಿಸ್ ವಾಕರ್ ಅವರು ಹರ್ಸ್ಟನ್ ಅವರ ಸಮಾಧಿಯನ್ನು ಹುಡುಕುತ್ತ ಫ್ಲಾರಿಡಾಕ್ಕೆ ಬಂದರು. ಜನರು ಮುಕ್ತವಾಗಿ ಮಾತನಾಡಲೆಂದು ತಾವು ಜೋರಾ ಅವರ ಸೋದರಸೊಸೆಯೆಂದು ಹೇಳಿಕೊಂಡರು. ಗಾರ್ಡನ್ ಆಫ್ ಹೆವನ್ಲಿ ರೆಸ್ಟ್ ರುದ್ರಭೂಮಿಯು ಆಗ ಸೊಂಟದೆತ್ತರದ ಹುಲ್ಲು, ಕಳೆಗಳಿಂದ ತುಂಬಿ, ಹಾವುಗಳ ಭಯದಿಂದ ಯಾರೂ ಒಳಹೋಗಲು ಹಿಂಜರಿಯುವ ಸ್ಥಿತಿಯಲ್ಲಿತ್ತು. ಅಂತ್ಯಸಂಸ್ಕಾರ ನಡೆಸಿದ ಸಂಸ್ಥೆಯವರು ಅಂದಾಜಿನಿಂದ ತಿಳಿಸಿದ ಜಾಗದಲ್ಲಿ ಹುಡುಕಿ, ಮನುಷ್ಯನ ಉದ್ದಕ್ಕೆ ಕುಸಿದಿದ್ದ ಒಂದು ತಗ್ಗನ್ನು ವಾಕರ್ ಸಮಾಧಿಯೆಂದು ಗುರುತಿಸಿದರು.

ವಾಕರ್ ಮೆಚ್ಚಿದ ಎತ್ತರದ ಕಪ್ಪು ಶಿಲೆಯ ಬೆಲೆ ಅವರ ಶಕ್ತಿಗೆ ಮೀರಿದ್ದರಿಂದ ಸರಳವಾದ ಬೂದುಬಣ್ಣದ ಕಲ್ಲನ್ನು ಆರಿಸಿದರು. ಜೀನ್ ಟೂಮರ್ ಅವರ ಕವಿತೆಯೊಂದರಿಂದ ಆಯ್ದ ಪ್ರಶಂಸೆಯ ಮಾತನ್ನೂ, ಹರ್ಸ್ಟನ್ ಅವರು ಕಾದಂಬರಿಗಾರ್ತಿ, ಜಾನಪದ ತಜ್ಞೆ, ಮಾನವಶಾಸ್ತ್ರಜ್ಞೆ ಎಂಬುದನ್ನೂ ಅದರ ಮೇಲೆ ಕೆತ್ತಿಸಿದರು. ಜನ್ಮವರ್ಷ 1901 ಎಂದು ಕೆತ್ತಲಾಗಿದೆ. ಶಾಲೆಗೆ ಸೇರಲು ಹರ್ಸ್ಟನ್ ಹೇಳಿದ್ದ ವರ್ಷವೇ ಹೀಗೆ ಅವರ ಸಮಾಧಿಯ ಮೇಲೆ ಉಳಿದಿದೆ.

ಮರುಮೌಲ್ಯಮಾಪನ ಮತ್ತು ಸ್ಮರಣೆ

ಈ ಶೋಧವನ್ನು ಕುರಿತ ವಾಕರ್ ಅವರ ಲೇಖನ 1975ರಲ್ಲಿ ‘ಮಿಜ್’ ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ಪ್ರಕಟವಾಗಿ ಹರ್ಸ್ಟನ್ ಅವರ ಬಗ್ಗೆ ಹೊಸ ಆಸಕ್ತಿಯನ್ನು ಹುಟ್ಟಿಸಿತು. 1977ರಲ್ಲಿ ರಾಬರ್ಟ್ ಹೆಮೆನ್‌ವೇ ಬರೆದ ಜೀವನಚರಿತ್ರೆಯೂ, 1978ರಲ್ಲಿ ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಕಾದಂಬರಿಯ ಮರುಮುದ್ರಣವೂ ಬಂದವು. ಇಂದು ಆ ಕಾದಂಬರಿ ಅಮೆರಿಕದ ಶಾಲಾ ಕಾಲೇಜುಗಳಲ್ಲಿ ವ್ಯಾಪಕವಾಗಿ ಪಠ್ಯವಾಗಿದೆ. ಈಟನ್‌ವಿಲ್‌ನಲ್ಲಿ 1990ರಿಂದ ಇವರ ಹೆಸರಿನ ಉತ್ಸವ ನಡೆಯುತ್ತಿದೆ. ಫೋರ್ಟ್ ಪಿಯರ್ಸ್‌ನಲ್ಲಿ ಇವರು ವಾಸವಿದ್ದ ಮನೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿದೆ. 2003ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಗಾರ್ಡನ್ ಆಫ್ ಹೆವನ್ಲಿ ರೆಸ್ಟ್ ಈಗ ಸ್ವಚ್ಛವಾಗಿದ್ದು, ಓದುಗರೂ ಲೇಖಕರೂ ಬಂದುಹೋಗುವ ಸ್ಥಳವಾಗಿದೆ.

1945ರಲ್ಲಿ ಹರ್ಸ್ಟನ್ ಎತ್ತಿದ್ದ ಪ್ರಶ್ನೆಗೆ ಸರ್ಕಾರದ ಗಮನ ದೊರೆತದ್ದು ಬಹಳ ತಡವಾಗಿ. 1991ರಲ್ಲಿ ನ್ಯೂಯಾರ್ಕ್ ನಗರದ ಕಟ್ಟಡ ಕಾಮಗಾರಿಯ ವೇಳೆ 17 ಮತ್ತು 18ನೆಯ ಶತಮಾನಗಳ ಆಫ್ರಿಕನ್ನರ ರುದ್ರಭೂಮಿ ಪತ್ತೆಯಾಗಿ, 400ಕ್ಕೂ ಹೆಚ್ಚು ಅಸ್ಥಿಪಂಜರಗಳು ದೊರೆತವು. 2006ರಲ್ಲಿ ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. 2019ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ, ಕಟ್ಟಡಗಳ ಅಡಿಯಲ್ಲಿ ಮರೆಯಾಗಿದ್ದ ಜಿಯಾನ್ ರುದ್ರಭೂಮಿಯ ಸಮಾಧಿಗಳು ಪತ್ತೆಯಾದವು. ಇದಾದ ಮೇಲೆ ಕಣ್ಮರೆಯಾದ ಕಪ್ಪುಜನರ ರುದ್ರಭೂಮಿಗಳನ್ನು ಕುರಿತು ಪರಿಶೀಲಿಸಲು ಫ್ಲಾರಿಡಾ ಸರ್ಕಾರ 2021ರಲ್ಲಿ ಕಾರ್ಯಪಡೆಯನ್ನು ರಚಿಸಿತು. ಇಂಥ ರುದ್ರಭೂಮಿಗಳ ಗುರುತಿಸುವಿಕೆ ಮತ್ತು ಸಂರಕ್ಷಣೆಗೆ ಧನಸಹಾಯ ನೀಡಲು ಅವಕಾಶ ಕಲ್ಪಿಸುವ ಕಾನೂನು 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾಯಿತು. ಹರ್ಸ್ಟನ್ ಕಲ್ಪಿಸಿದ್ದ ರಾಷ್ಟ್ರೀಯ ರುದ್ರಭೂಮಿ ಮಾತ್ರ ನಿರ್ಮಾಣವಾಗಲಿಲ್ಲ.

ಪ್ರಮುಖ ಕೃತಿಗಳು

- ಜೋನಾಸ್ ಗೋರ್ಡ್ ವೈನ್ (ಕಾದಂಬರಿ, 1934)
- ಮ್ಯೂಲ್ಸ್ ಅಂಡ್ ಮೆನ್ (ಜಾನಪದ ಸಂಗ್ರಹ, 1935)
- ದೇರ್ ಐಸ್ ವರ್ ವಾಚಿಂಗ್ ಗಾಡ್ (ಕಾದಂಬರಿ, 1937)
- ಟೆಲ್ ಮೈ ಹಾರ್ಸ್ (ಜಮೈಕಾ ಮತ್ತು ಹೈಟಿಯ ಜನಜೀವನ ಅಧ್ಯಯನ, 1938)
- ಮೋಸೆಸ್, ಮ್ಯಾನ್ ಆಫ್ ದಿ ಮೌಂಟನ್ (ಕಾದಂಬರಿ, 1939)
- ಡಸ್ಟ್ ಟ್ರ್ಯಾಕ್ಸ್ ಆನ್ ಎ ರೋಡ್ (ಆತ್ಮಕಥೆ, 1942)
- ಸೆರಫ್ ಆನ್ ದಿ ಸುವಾನಿ (ಕಾದಂಬರಿ, 1948)
- ಬರ್ರಕೂನ್ (ಕೊಸೊಲಾ ಅವರ ಜೀವನಕಥನ, ಮರಣಾನಂತರ 2018ರಲ್ಲಿ ಪ್ರಕಟಿತ)